ಹೊಳೆ ದಾಟಿದರೆ ಒಂದು ಅಂಕ ಕಡಿತ

ಕಂಪ್ಯೂಟರಿನಲ್ಲಿ ರಾಜ್ಯವಾಳುವ ಮಂದಿಯಲ್ಲಿ ಎರಡು ಪಂಗಡ. ಮೊದಲನೆಯವರಿಗೆ ನಕಾಶೆಯೊಂದಿದ್ದರೆ ಆಯಿತು. ಯಾರ ಮಗಳನ್ನು ಯಾರ ಮನೆತನಕ್ಕೆ ಕೊಡಬೇಕು, ಯಾವ ಸೀಮೆಯ ಕಂದಾಯ ಯಾವ ಕೋಟೆಯ ಖರ್ಚಿಗೆ ಹೋಗಬೇಕು, ನೆರೆಯ ಸುಲ್ತಾನನ ಜತೆ ಈ ವರ್ಷ ಜಗಳ ತೆಗೆಯಬೇಕೋ ಮುಂದಿನ ವರ್ಷವೋ, ಇಷ್ಟರಲ್ಲೇ ಅವರಿಗೆ ರಾತ್ರಿ ಎರಡು ಗಂಟೆಯಾಗುತ್ತದೆ. ಯುದ್ಧ ನಡೆದರೆ ನಡೆಯಲಿ, ಗೆದ್ದೆವೋ ಸೋತೆವೋ ಅಂತ ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು. ಎರಡನೆಯವರಿಗೆ ರಾಜ್ಯ ಬರೀ ನೆಪ. ಅವರಿಗೆ ಬೇಕಾದದ್ದು ಹೊಲ, ದಿಬ್ಬ, ಹಳ್ಳ. ತೋಪನ್ನು ದಿಬ್ಬದ ಎಡಕ್ಕೆ ನಿಲ್ಲಿಸುವುದೋ ಬಲಕ್ಕೋ, ಕುದುರೆಯನ್ನು ಈಗ ಬಿಡುವುದೋ ಇನ್ನೊಂದಿಷ್ಟು ತಡೆಯುವುದೋ ಎಂಬ ಚಿಂತೆಯಲ್ಲಿ ಅವರ ತಾಟಿನೊಳಗಿನ ರೊಟ್ಟಿ ಒಣಗಿ ಹಪ್ಪಳವಾಗಿರುತ್ತದೆ. ಮೊದಲಿನವರು ಎರಡನೆಯವರನ್ನು ಹುಡುಗಾಟದವರು ಅನ್ನುತ್ತಾರೆ. ಎರಡನೆಯವರು ಮೊದಲಿನವರನ್ನು ಗುಮಾಸ್ತರು ಅನ್ನುತ್ತಾರೆ.

ಚಿಕ್ಕೋಡಿಯಲ್ಲಿರುವ ನಮ್ಮ ಅಕ್ಕನ ಮಗ ಮೂರನೆಯ ಪಂಗಡದವನು. ಅವನಿಗೆ ಎರಡೂ ಬೇಕು. ಇಡೀ ಹಿಂದೂಸ್ತಾನವನ್ನು ಆಳಬೇಕು. ಆಳುತ್ತಲೇ ಒಬ್ಬೊಬ್ಬ ಸವಾರನ ಲಗಾಮನ್ನೂ ತಾನೇ ಹಿಡಿಯಬೇಕು. ಇಂಜಿನಿಯರಿಂಗ್ ಮುಗಿಸಿ, ಮನೆಯಲ್ಲೇ ಕುಳಿತು ಪುಣೆಯ ಕಂಪನಿಯೊಂದರ ಕೆಲಸ ಮಾಡುತ್ತಾನೆ. ಹಗಲು ಆ ಕೆಲಸ, ರಾತ್ರಿ ಸಾಮ್ರಾಜ್ಯ. ನಮ್ಮ ಅಕ್ಕನಿಗೆ ಈ ಎರಡರ ನಡುವಿನ ವ್ಯತ್ಯಾಸ ಇನ್ನೂ ಗೊತ್ತಾಗಿಲ್ಲ. ಎರಡರಲ್ಲೂ ಅವನು ಅದೇ ಕುರ್ಚಿಯಲ್ಲಿ ಅದೇ ಮುಖ ಮಾಡಿಕೊಂಡು ಕೂತಿರುತ್ತಾನೆ. ಹೀಗಾಗಿ ದಂಡು ವೈರಿಯ ಗಡಿ ದಾಟುತ್ತಿರುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಆಜ್ಞೆ ಬರುತ್ತದೆ: “ನಳಾ ಬಂದಾವು, ಮೊದ್ಲ ಎದ್ದ ನೀರ ಹಿಡಿ!” ಚಕ್ರವರ್ತಿ ಕೊಡ ಹಿಡಿದು ಏಳುತ್ತಾನೆ.

ಕಳೆದ ಮಳೆಗಾಲದಲ್ಲಿ ಅವರ ಮನೆಗೆ ಹೋದಾಗ ಅವನು ಮುಖ ಸಿಂಡರಿಸಿಕೊಂಡಿದ್ದ. “ಮಾಮಾ, ಈ ಗೇಮಿನ್ಯಾಗ ಎಲ್ಲಾ ಛಲೋ ಐತ್ರಿ. ಆದ್ರ ಲಡಾಯಿಗೆ ಡೆಪ್ತ್ ಇಲ್ಲ. ಬರೇ ಡೈಸ್ ಒಗೀತೈತಿ” ಅಂದ.

ಅವನು ತೋರಿಸಿದ ಆಟ ‘ಯುರೋಪಾ ಯೂನಿವರ್ಸಾಲಿಸ್ 4’. ಸ್ವೀಡನ್ನಿನ ಪ್ಯಾರಡಾಕ್ಸ್ ಎಂಬ ಕಂಪನಿ 2013ರಲ್ಲಿ ತಂದದ್ದು. 1444ರ ನವೆಂಬರ್ 11ರಂದು ಶುರುವಾಗಿ 1821ರವರೆಗೆ ನಡೆಯುತ್ತದೆ. ಜಗತ್ತಿನ ಯಾವ ರಾಜ್ಯವನ್ನಾದರೂ ಹಿಡಿಯಬಹುದು. ವಿಜಯನಗರವಿದೆ, ಬಹಮನಿಯಿದೆ. ನಕಾಶೆಯ ಮೇಲೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೆ ಬೇರೆ ಬೇರೆ ಹೆಸರಿಲ್ಲ. ಐದೂ ತಾಲೂಕು ಕೂಡಿ ಒಂದು ಬಣ್ಣದೊಳಗೆ ಮಾಯವಾಗಿವೆ. ತಾಲೂಕು ಬೇಕು, ಜಿಲ್ಲೆ ಬೇಕು ಅಂತ ವರ್ಷಗಟ್ಟಲೆ ಧರಣಿ ಕೂತವರಿಗೆ ಇದನ್ನು ತೋರಿಸಬಾರದು.

ಎರಡು ದಂಡುಗಳು ಒಂದೇ ತುಂಡು ನೆಲಕ್ಕೆ ಬಂದರೆ ಇಬ್ಬರು ಸಿಪಾಯಿಗಳು ಎದುರುಬದುರು ನಿಂತು ಕತ್ತಿ ಬೀಸತೊಡಗುತ್ತಾರೆ. ಇಪ್ಪತ್ತು ಸಾವಿರ ಜನಕ್ಕೆ ಅವರಿಬ್ಬರೇ ಪ್ರತಿನಿಧಿಗಳು. ಒಳಗೊಳಗೆ ಯಂತ್ರ ಮೂರು ದಿನಕ್ಕೊಮ್ಮೆ ಸೊನ್ನೆಯಿಂದ ಒಂಬತ್ತರವರೆಗಿನ ಒಂದು ದಾಳ ಉರುಳಿಸುತ್ತದೆ. ಒಮ್ಮೆ ಗುಂಡಿನ ಸರದಿ, ಒಮ್ಮೆ ಕೈಕೈ ಮಿಲಾಯಿಸುವ ಸರದಿ. ಸೇನಾಪತಿಯ ಅಂಕ ಕೂಡುತ್ತದೆ, ನೆಲದ ಅಂಕ ಕಳೆಯುತ್ತದೆ. ಮೇಲೇರಿ ಹೋಗುವವನಿಗೆ ಗುಡ್ಡವಾದರೆ ಒಂದು, ಪರ್ವತವಾದರೆ ಎರಡು ಕಡಿತ. ಹೊಳೆ ದಾಟಿ ಮೈಮೇಲೆ ಹೋದರೆ ಒಂದು ಕಡಿತ.

“ಹೊಳೀಗೆ ಒಂದ ಅಂಕ?” ಅಂತ ಕೇಳಿದೆ.

“ಒಂದರೀ.”

“ಯಾವ ಹೊಳಿ ಆದ್ರೂ?”

“ಯಾವ ಹೊಳಿ ಆದ್ರೂ. ಯಾವಾಗ ಆದ್ರೂ.”

ನಾನು ಆ ಒಂದು ಅಂಕದಲ್ಲೇ ನಿಂತುಬಿಟ್ಟೆ. ಯಾಕೆಂದರೆ ಅವತ್ತು ನಾನು ಚಿಕ್ಕೋಡಿಗೆ ಬಂದು ಮುಟ್ಟಿದ ರೀತಿ ಹಾಗಿತ್ತು. ನಮ್ಮ ಕಡೆ ಆಷಾಢ ಹಿಡಿಯಿತೆಂದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭಿವಶಿ. ಗೊತ್ತಿಲ್ಲದವರು ಬೀಗರ ಊರುಗಳ ಜೋಡಿ ಅಂದುಕೊಳ್ಳಬೇಕು. ಇವು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಮೇಲಿನ ತಗ್ಗಿನ ಸೇತುವೆಗಳು. ಮೇಲೆ ಸಹ್ಯಾದ್ರಿಯಲ್ಲಿ ಮಳೆ ಹೊಡೆದರೆ ಇಲ್ಲಿ ಒಂದೊಂದಾಗಿ ನೀರೊಳಗೆ ಹೋಗುತ್ತವೆ. ಇನ್ನೂ ಜೋರಾದರೆ ರಾಯಬಾಗ ತಾಲೂಕಿನ ಕುಡಚಿ ಮತ್ತು ಕಾಗವಾಡ ತಾಲೂಕಿನ ಉಗಾರದ ನಡುವಿನ ಸೇತುವೆಗೂ ಅದೇ ಗತಿ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ವೇದಗಂಗೆ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಏರಿ ಕೂತಿದ್ದಳು. ಬೆಂಗಳೂರು–ಪುಣೆ ನಡುವಿನ ಲಾರಿಗಳೆಲ್ಲ ಸಾಲುಗಟ್ಟಿ ನಿಂತವು. ಆಗ ನಮ್ಮ ಜನ ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ಹೊರಟಿತು ಅಂತ ಕ್ರಿಕೆಟ್ ಸ್ಕೋರಿಗಿಂತ ಶ್ರದ್ಧೆಯಿಂದ ಕೇಳುತ್ತಾರೆ. ಚಹಾದಂಗಡಿಯ ಹುಡುಗನೂ ಲಕ್ಷ ಕ್ಯುಸೆಕ್ಕಿಗೆ ಯಾವ ಊರಿನ ಯಾವ ಮೆಟ್ಟಿಲು ಮುಳುಗುತ್ತದೆಂದು ಹೇಳಬಲ್ಲ.

ಕಲ್ಲೋಳದ ದಂಡೆಯಲ್ಲಿ ನಮ್ಮ ಬಸ್ಸು ನಿಂತಿತ್ತು. ಸೇತುವೆಯ ಮೇಲೆ ನೀರು ಹೆಚ್ಚೇನೂ ಇರಲಿಲ್ಲ. ಒಂದು ಪಾದ ಮುಳುಗುವಷ್ಟು ಇದ್ದೀತು. ಎರಡು ಬದಿಯ ಗೂಟಕಲ್ಲುಗಳ ತಲೆ ಸಾಲಾಗಿ ಕಾಣುತ್ತಿತ್ತು. ಡ್ರೈವರ್ ಸಾಹೇಬರು ಇಳಿದು ನೇರ ನೀರಿನ ಹತ್ತಿರ ಹೋಗಲಿಲ್ಲ. ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದ ಒಬ್ಬ ಅಜ್ಜನ ಹತ್ತಿರ ಹೋದರು. ಅಜ್ಜ ಇವರ ಕಡೆ ನೋಡಲೂ ಇಲ್ಲ. ನೀರಿನ ಅಂಚನ್ನೇ ನೋಡುತ್ತ ಹೇಳಿದ: “ಕಸಾ ದಂಡಿಗೆ ಬಂದು ತಾಕಾಕತ್ತೈತಿ. ಏರೂ ನೀರದು. ನಡುಹೊಳ್ಯಾಗ ಹರಕೊಂತ ಹೊಂಟ್ರ ಇಳದಂಗ. ಇವತ್ತ ಆಗೂದುಲ್ಲ.” ಬಸ್ಸು ತಿರುಗಿತು. ಯಾರೂ ತಕರಾರು ಮಾಡಲಿಲ್ಲ. ಸುತ್ತು ಹಾಕಿ ಬರುವುದರೊಳಗೆ ಸಂಜೆಯಾಯಿತು. ದಾರಿಯಲ್ಲಿ ಕಂಡಕ್ಟರಿಗೆ ಫೋನ್ ಬಂತು, ಸೇತುವೆ ಪೂರ್ತಿ ಮುಳುಗಿದೆ ಅಂತ.

ಆ ಅಜ್ಜನ ಜ್ಞಾನವನ್ನು ಒಂದು ಅಂಕದ ಕಡಿತಕ್ಕೆ ಇಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. “ನಿನ್ನ ಮಾತ ಖರೇ ಐತಿ, ಡೆಪ್ತ್ ಇಲ್ಲ” ಅಂದೆ. ಅಳಿಯ ಹಿಗ್ಗಿದ. ಅವನಿಗೆ ಬೇಕಾದ ಡೆಪ್ತ್ ಬೇರೆ, ನಾನು ಹೇಳಿದ್ದೇ ಬೇರೆ ಎಂಬುದು ಇಬ್ಬರಿಗೂ ತಿಳಿಯಲು ಎರಡು ಕಪ್ಪು ಚಹಾ ಬೇಕಾಯಿತು.

ಅವನಿಗೆ ಬೇಕಾದ ಆಳ ಇನ್ನೊಂದು ಆಟದಲ್ಲಿತ್ತು. ‘ಎಂಪೈರ್: ಟೋಟಲ್ ವಾರ್’ 2009ರದ್ದು. 1700ರಿಂದ ಶುರು, ಮರಾಠರನ್ನೂ ಹಿಡಿದು ಆಡಬಹುದು. ಇಲ್ಲಿ ವರ್ಷಕ್ಕೆ ಎರಡು ಸರದಿ. ನಕಾಶೆಯ ಮೇಲೆ ದಂಡು ನಡೆಸುತ್ತ ಹೋಗಿ ವೈರಿಗೆ ಡಿಕ್ಕಿ ಹೊಡೆದರೆ ಪರದೆ ಬದಲಾಗಿ ನಿಜವಾದ ಬಯಲು ತೆರೆಯುತ್ತದೆ. ಒಂದು ದಂಡಿನಲ್ಲಿ ಇಪ್ಪತ್ತು ಪಡೆಗಳು. ಬಂದೂಕಿನವರು ಸಾಲುಗಟ್ಟುತ್ತಾರೆ, ಕುದುರೆಗಳು ಕೆನೆಯುತ್ತವೆ, ಹೊಗೆ ಏಳುತ್ತದೆ. ಆಡುವವನು ಗರುಡನ ಎತ್ತರದಲ್ಲಿ ನಿಂತು ಎಲ್ಲವನ್ನೂ ಕಾಣುತ್ತಾನೆ. ಬೆರಳು ಒತ್ತಿದರೆ ಕಾಲವೇ ನಿಲ್ಲುತ್ತದೆ. ನಿಂತ ಕಾಲದಲ್ಲಿ ಆರಾಮವಾಗಿ ಇಪ್ಪತ್ತು ಪಡೆಗಳಿಗೂ ಅಪ್ಪಣೆ ಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು, ಮತ್ತೆ ಕಾಲವನ್ನು ಬಿಡಬಹುದು. ಕೊಟ್ಟ ಅಪ್ಪಣೆ ಆ ಕ್ಷಣವೇ, ಅಕ್ಷರ ಬಿಡದೆ, ಇಪ್ಪತ್ತನೆಯ ಪಡೆಯ ಕೊನೆಯ ಸಿಪಾಯಿಗೂ ಮುಟ್ಟುತ್ತದೆ.

ನಮ್ಮ ಸೀಮೆಯಲ್ಲಿ ಅಪ್ಪಣೆ ಹಾಗೆ ಮುಟ್ಟುವುದನ್ನು ನಾನು ಕಂಡಿಲ್ಲ. ಉಗಾರದ ಕಡೆ ನಮ್ಮ ಕಾಕಾನ ಕಬ್ಬಿನ ಹೊಲವಿದೆ. ಕಾರ್ಖಾನೆಯ ದೊಡ್ಡವರು ಮೇಜಿನ ಮೇಲೆ ನಕಾಶೆ ಹರಡಿ, ಯಾವ ಊರಿನ ಕಬ್ಬು ಯಾವ ವಾರ ಕಡಿಯಬೇಕು ಅಂತ ಗೊತ್ತು ಮಾಡುತ್ತಾರೆ. ಅದು ಮೇಲಿನ ನೀತಿ. ಅದು ಸ್ಲಿಪ್ ಬಾಯ್‌ಗೆ ಬಂದು, ಅವನಿಂದ ಗ್ಯಾಂಗಿನ ಮುಕಾದಮನಿಗೆ ಬಂದು, ಮುಕಾದಮನಿಂದ ಕೊಯಿತ ಹಿಡಿದವರಿಗೆ ಬರುವುದರೊಳಗೆ ನೀತಿ ಮೂರು ವೇಷ ಬದಲಿಸಿರುತ್ತದೆ. ಟ್ರ್ಯಾಕ್ಟರಿನವನಿಗೆ ಹತ್ತಿರದ ಫಡ ಬೇಕು, ಗ್ಯಾಂಗಿನವರಿಗೆ ಬಿದ್ದ ಕಬ್ಬು ಬೇಡ, ಪಕ್ಕದ ಹೊಲದವನು ನಿನ್ನೆಯೇ ಮುಕಾದಮನಿಗೆ ಊಟ ಹಾಕಿಸಿದ್ದಾನೆ. ಕೊನೆಗೆ ಯಾರ ಕಬ್ಬು ಮೊದಲು ಕಡಿಯಿತು ಎಂಬುದಕ್ಕೆ ಆ ನಕಾಶೆಯಲ್ಲಿ ಉತ್ತರವಿಲ್ಲ. ಆದರೂ ನಕಾಶೆ ಹರಡಿದವರನ್ನು ಕೇಳಿದರೆ ತಾವೇ ಹಂಗಾಮು ನಡೆಸಿದ್ದು ಅನ್ನುತ್ತಾರೆ. ಮುಕಾದಮನನ್ನು ಕೇಳಿದರೆ ನಕ್ಕು ಎಲೆ ಹಾಕಿಕೊಳ್ಳುತ್ತಾನೆ.

ಈ ನಡುವಣ ಅಂತರವನ್ನು ಆಟದೊಳಗೆ ತರಬಹುದೆಂದು ಇನ್ನೂರು ವರ್ಷದ ಹಿಂದೆಯೇ ಒಬ್ಬರಿಗೆ ಹೊಳೆದಿತ್ತು. ಪ್ರಶಿಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್, 1824ರಲ್ಲಿ. ಅವನ ಅಪ್ಪ ಮರಳು, ಮರದ ಹಲಗೆಗಳ ಮೇಲೆ ಶುರು ಮಾಡಿದ್ದ ಯುದ್ಧದಾಟವನ್ನು ಮಗ ನಿಜವಾದ ನಕಾಶೆಯ ಮೇಲೆ ಇಳಿಸಿದ. ಒಂದು ಸರದಿಗೆ ಎರಡು ನಿಮಿಷದ ಯುದ್ಧ. ಆಡುವ ಇಬ್ಬರೂ ತಮಗೆ ಬೇಕಾದ್ದನ್ನು ಚೀಟಿಯಲ್ಲಿ ಬರೆದು ನಡುವೆ ಕೂತ ಪಂಚನಿಗೆ ಕೊಡಬೇಕು. ಸವಾರ ಆ ಚೀಟಿ ಒಯ್ದು ಮುಟ್ಟಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಳೆದ ಮೇಲೆಯೇ ಪಂಚ ಪಡೆಯನ್ನು ಸರಿಸುತ್ತಾನೆ. ವೈರಿಯ ಪಡೆಯಲ್ಲಿ ನಿನ್ನ ಕಣ್ಣಿಗೆ ಬೀಳಬಹುದಾದಷ್ಟನ್ನೇ ನಕಾಶೆಯ ಮೇಲೆ ಇಡುತ್ತಾನೆ. ದಾಳ ಅಲ್ಲಿಯೂ ಇತ್ತು. ಆದರೆ ಆಟದ ಜೀವ ದಾಳದಲ್ಲಿರಲಿಲ್ಲ, ಕಾಯುವುದರಲ್ಲಿತ್ತು. ಪ್ರಶಿಯಾದ ಸೈನ್ಯ ಅದನ್ನು ತನ್ನ ಅಧಿಕಾರಿಗಳಿಗೆ ಪಾಠವಾಗಿ ಇಟ್ಟುಕೊಂಡಿತು.

ನಮ್ಮವರು ಆಟದಲ್ಲಿ ಹಿಂದಿದ್ದವರೇನಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ನಡುವೆ ಚದುರಂಗಕ್ಕೂ ಜಾಗವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಹೊಸ ಹೊಸ ಮಣೆಯಾಟಗಳನ್ನು ಕಟ್ಟುವುದರಲ್ಲಿ ಎತ್ತಿದ ಕೈ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇವತ್ತಿಗೂ ಆ ಆಟದ ಹಾಸುಗಳ ಚಿತ್ರಗಳಿವೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮಹಾರಾಜರಿಗೆ ತಮ್ಮ ಮಾತು ಕೇಳುವ ಆನೆ ಕುದುರೆಗಳು ಹೆಚ್ಚಾಗಿ ಮಣೆಯ ಮೇಲೆಯೇ ಉಳಿದಿದ್ದವು. ಚದುರಂಗದ ಸೊಗಸೂ ಅದೇ, ಕೊರತೆಯೂ ಅದೇ. ಅಲ್ಲಿ ಹೊಳೆಯಿಲ್ಲ, ಮಳೆಯಿಲ್ಲ, ಕುದುರೆಗೆ ಹುಲ್ಲು ಬೇಡ, ಕಾಲಾಳು ಹೇಳಿದ ಮನೆಗೇ ಹೋಗಿ ನಿಲ್ಲುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಅಳಿಯ ಕೇಳಿದ: “ಹಂಗಾರ ನಮ್ಮ ಕಡೆ ಲಡಾಯಿ ಹ್ಯಾಂಗ ಆಗ್ತಿದ್ದೂರಿ?”

ನಮ್ಮ ಕಡೆ ಯುದ್ಧಕ್ಕೇನು ಬರಗಾಲವಿರಲಿಲ್ಲ. ಚಿಕ್ಕೋಡಿಯನ್ನೇ ತೆಗೆದುಕೊಳ್ಳಿ. ಚಿಕ್ಕೋಡಿ ಮತ್ತು ಮುನವಳ್ಳಿ ಎಂಬ ಎರಡು ತಾಲೂಕುಗಳಿಗಾಗಿ ಕೊಲ್ಹಾಪುರದವರು, ಪಟವರ್ಧನರು, ನಿಪ್ಪಾಣಿಯ ದೇಸಾಯರು ತಲೆಮಾರುಗಟ್ಟಲೆ ಗುದ್ದಾಡಿದರು. 1817–18ರ ಯುದ್ಧದ ಹೊತ್ತಿನಲ್ಲಿ ತಮ್ಮ ಪರ ನಿಂತದ್ದಕ್ಕೆ ಬ್ರಿಟಿಷರು ಅವನ್ನು ಕೊಲ್ಹಾಪುರಕ್ಕೆ ಕೊಟ್ಟರು. ಹತ್ತು ಹನ್ನೆರಡು ವರ್ಷಗಳಲ್ಲಿ ತಿರುಗಿ ತಾವೇ ತೆಗೆದುಕೊಂಡರು. ಅಳಿಯನ ನಕಾಶೆಯಲ್ಲಿ ಇದು ಎರಡು ಸಲ ಬಣ್ಣ ಬದಲಾದಂತೆ ಕಾಣುತ್ತದೆ. ಹೊಲದಲ್ಲಿ ನಿಂತ ರೈತನಿಗೆ, ಈ ಸುಗ್ಗಿಯಲ್ಲಿ ಕಂದಾಯ ಕೇಳಲು ಬರುವ ಮುಖ ಯಾವುದು ಎಂಬ ಪ್ರಶ್ನೆ.

ಆ ಕಾಲದ ನಮ್ಮ ಸೀಮೆಯ ದೊಡ್ಡ ಸರದಾರ ಪರಶುರಾಮ ಭಾವೂ ಪಟವರ್ಧನ. 1790ರ ಸೆಪ್ಟೆಂಬರಿನಲ್ಲಿ ಅವನು ಟಿಪ್ಪುವಿನ ಕೈಯಲ್ಲಿದ್ದ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ. ಸಹಾಯಕ್ಕೆ ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟ್ಲ್‌ನ ಇಂಗ್ಲಿಷ್ ತುಕಡಿ. ಒಳಗೆ ಟಿಪ್ಪುವಿನ ಬದ್ರುಜ್ಜಮಾನ್ ಖಾನ್. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ತರುಣ ಲೆಫ್ಟಿನೆಂಟ್ ಮುಂದೆ 1794ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಮರಾಠರ ತೋಪು ನಡೆಯುತ್ತಿದ್ದ ಬಗೆಯನ್ನು ಬಣ್ಣಿಸಿದ್ದಾನೆ. ತೋಪಿಗೆ ಮದ್ದು ತುಂಬುವುದು. ತುಂಬಿದ ಮೇಲೆ ಎಲ್ಲರೂ ಕೂತು ಹುಕ್ಕಾ ಎಳೆಯುತ್ತ ಅರ್ಧ ತಾಸು ಹರಟುವುದು. ಆಮೇಲೆ ಹಾರಿಸುವುದು. ಗೋಡೆಯಿಂದ ಒಳ್ಳೇ ಧೂಳೆದ್ದರೆ ಸಮಾಧಾನ. ಮತ್ತೆ ತುಂಬುವುದು, ಮತ್ತೆ ಕೂರುವುದು. ಮಧ್ಯಾಹ್ನ ಎರಡು ತಾಸು ಊಟಕ್ಕೆ ಬಿಡುವು. ಆಗ ಎರಡೂ ಕಡೆಯ ತೋಪುಗಳು ಸುಮ್ಮನಿರಬೇಕೆಂಬುದು ಹೇಳದೆ ಆದ ಒಪ್ಪಂದ. ಇಂಗ್ಲಿಷರಿಗೆ ಹೊಟ್ಟೆ ಉರಿಯಿತು. ಕೋಟೆ ಕೈಗೆ ಬಂದದ್ದು 1791ರ ಏಪ್ರಿಲಿನಲ್ಲಿ, ಆರು ತಿಂಗಳು ದಾಟಿದ ಮೇಲೆ.

ಇದನ್ನು ಓದಿ ನಗುವುದು ಸುಲಭ. ಮೂರ್ ನಕ್ಕಿದ್ದಾನೆ, ನಾನೂ ನಕ್ಕಿದ್ದೇನೆ. ಆದರೆ ಆಟ ಕಟ್ಟುವವರು ಇದರ ಮುಂದೆ ಒಂದಿಷ್ಟು ಹೊತ್ತು ಕೂರಬೇಕು. ಊಟದ ಹೊತ್ತಿಗೆ ಗುಂಡು ಹಾರಿಸುವುದಿಲ್ಲ ಎಂದು ಒಳಗಿನವರಿಗೂ ಹೊರಗಿನವರಿಗೂ ಗೊತ್ತಿತ್ತು. ಅಷ್ಟು ದಿನ ಎದುರುಬದುರು ಕೂತ ಮೇಲೆ ವೈರಿಯ ಅಡಿಗೆಯ ಹೊಗೆ ಯಾವಾಗ ಏಳುತ್ತದೆಂಬುದು ತಿಳಿಯುತ್ತದೆ. ಇಂಥದ್ದಕ್ಕೆ ಯಾವ ಆಟದಲ್ಲೂ ಗುಂಡಿಯಿಲ್ಲ. ಮುತ್ತಿಗೆಯೆಂದರೆ ಶೇಕಡಾವಾರು ಏರುವ ಒಂದು ಪಟ್ಟಿ ಅಷ್ಟೆ.

ಇದೇ ಭಾವೂ 1799ರ ಸೆಪ್ಟೆಂಬರಿನಲ್ಲಿ ಕೊಲ್ಹಾಪುರದವರ ಮೇಲೆ ಕಾದಾಡುತ್ತ ಮಡಿದ. ಜಾಗ ಪಟ್ಟಣಕುಡಿ. ನಮ್ಮ ಚಿಕ್ಕೋಡಿ–ನಿಪ್ಪಾಣಿ ಸೀಮೆಯೊಳಗಿನ ಊರು. ಟಿಪ್ಪುವಿನ ಮೇಲೆ ದಂಡೆತ್ತಿ ಹೋಗಿ ಶ್ರೀರಂಗಪಟ್ಟಣದವರೆಗೂ ಮುಟ್ಟಿ ಬಂದ ಸರದಾರ ಕೊನೆಗೆ ಬಿದ್ದದ್ದು ನೆರೆಹೊರೆಯ ಜಗಳದಲ್ಲಿ. ದೊಡ್ಡ ನಕಾಶೆಯ ಮೇಲೆ ಪಟ್ಟಣಕುಡಿ ಒಂದು ಚುಕ್ಕೆಯೂ ಅಲ್ಲ.

“ವೆಲ್ಲೆಸ್ಲಿ ನಮ್ಮ ಕಡೆ ಬಂದಿದ್ನೇನ್ರಿ?” ಅಳಿಯ ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಮನುಷ್ಯನ ಹೆಸರನ್ನು ಆಟದ ಸೇನಾಪತಿಗಳ ಪಟ್ಟಿಯಿಂದ ಬಲ್ಲ.

ಬಂದಿದ್ದ. 1800ರಲ್ಲಿ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಮಲಪ್ರಭೆಯ ದಂಡೆಯಲ್ಲೆಲ್ಲ ತಿರುಗಿದ್ದ. 1803ರಲ್ಲಿ ಪೇಶ್ವೆಯನ್ನು ಮತ್ತೆ ಗಾದಿಗೆ ಕೂರಿಸಲು ಹರಿಹರದಿಂದ ಪುಣೆಗೆ ಹೋಗುವಾಗ ನಮ್ಮ ಹೊಳೆಗಳನ್ನೆಲ್ಲ ದಾಟಿದ. ಆಗ ಅವನ ಜತೆಗೂಡಿದ ಮರಾಠಾ ಸರದಾರರಲ್ಲಿ ನಿಪ್ಪಾಣಿಯ ಅಪ್ಪಾ ದೇಸಾಯಿಯೂ ಇದ್ದ. ವೆಲ್ಲೆಸ್ಲಿಯ ತಲೆಯಲ್ಲಿ ತೋಪು, ಕುದುರೆಗಿಂತ ಮೊದಲು ಹರಿಗೋಲು ಬಂದಿತ್ತು. ಬುಟ್ಟಿ ಹೆಣೆದು ಚರ್ಮ ಹೊದಿಸುವ, ನಮ್ಮ ಅಂಬಿಗರು ತಲೆತಲಾಂತರದಿಂದ ಮಾಡಿಕೊಂಡು ಬಂದ ಅದೇ ಹರಿಗೋಲು. ದಾರಿಯ ಹೊಳೆಗಳ ದಂಡೆಗಳಲ್ಲಿ ಅವನ್ನು ಮೊದಲೇ ಮಾಡಿಸಿಡಲು ಹೇಳಿದ. ಅವನ ಲೆಕ್ಕ ಹೀಗಿತ್ತು: ಮರಾಠರ ಬಲ ಕುದುರೆ. ಬೇಸಿಗೆಯಲ್ಲಿ ಅವರು ಎಲ್ಲಿ ಬೇಕಾದರೂ ಹೊಳೆ ದಾಟಿ ಹೋಗುತ್ತಾರೆ, ಕೈಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕುದುರೆ ನಿಲ್ಲಬೇಕು. ಹರಿಗೋಲು ಇದ್ದವನು ದಾಟುತ್ತಾನೆ. ಉಳಿದವರೆಲ್ಲ ದಂಡು ಬಿಚ್ಚಿ ಮನೆಗೆ ಹೋಗುವ ಕಾಲವೇ ತನಗೆ ಅನುಕೂಲವೆಂದು ಅವನು ಕಂಡುಕೊಂಡ. ಹೊಳೆ ಎಲ್ಲರಿಗೂ ಒಂದೇ ಅಂಕ ಕಡಿಯುವುದಿಲ್ಲವೆಂಬುದು ಅವನಿಗೆ ನಮ್ಮ ಕಡೆ ಬಂದೇ ತಿಳಿದದ್ದು. ಆ ಚರ್ಮ ಹದ ಮಾಡಿದವರು, ಬಿದಿರು ಸೀಳಿದವರು ಯಾರು ಎಂಬುದು ಯಾವ ಸೇನಾಪತಿಗಳ ಪಟ್ಟಿಯಲ್ಲೂ ಇಲ್ಲ.

ಅದೇ ವರ್ಷ ಸೆಪ್ಟೆಂಬರ್ 23ರಂದು ಅಸ್ಸಾಯಿಯಲ್ಲಿ ಅವನ ಮುಂದೆ ಸಿಂಧಿಯಾ ಮತ್ತು ನಾಗಪುರದ ಭೋಸಲೆಯ ದೊಡ್ಡ ಸೈನ್ಯ, ನಡುವೆ ಕೈತ್ನಾ ಹೊಳೆ. ದಾರಿ ತೋರಿಸುವವರು ಇಲ್ಲಿ ಹೊಳೆ ದಾಟುವ ಜಾಗವೇ ಇಲ್ಲ ಅಂದರು. ವೆಲ್ಲೆಸ್ಲಿ ನೋಡಿದ. ಈ ದಂಡೆಗೊಂದು ಹಳ್ಳಿ, ಎದುರು ದಂಡೆಗೊಂದು ಹಳ್ಳಿ. ಎದುರುಬದುರು ಎರಡು ಊರಿದ್ದ ಮೇಲೆ ಹೋಗಿ ಬರಲು ದಾರಿ ಇರಲೇಬೇಕು ಅಂದುಕೊಂಡ. ಇತ್ತು. ದಾಟಿ ಗೆದ್ದ. ಅವನ ಜೀವಮಾನದ ದೊಡ್ಡ ಹೆಸರು ಅಲ್ಲಿಂದ ಶುರುವಾಯಿತು. ಯಡೂರಿನ ಹುಡುಗಿಯನ್ನು ಕಲ್ಲೋಳಕ್ಕೆ ಕೊಟ್ಟ ಯಾರನ್ನು ಕೇಳಿದರೂ ಈ ಮಾತು ಹೇಳಿಕೊಡುತ್ತಿದ್ದರು. ಅವರು ಇಂಗ್ಲೆಂಡಿನಲ್ಲಿ ಡ್ಯೂಕ್ ಆಗಲಿಲ್ಲ ಅಷ್ಟೆ.

ಅಳಿಯನಿಗೆ ಆಟದ ಮಾನ ಕಾಯುವ ಹುಕಿ ಬಂತು. “ಇಲ್ರಿ ಮಾಮಾ, ಅದೂ ಐತಿ. ನಮ್ಮ ಸೇನಾಪತಿಯ ಚಲನೆಯ ಅಂಕ ವೈರಿಗಿಂತ ಹೆಚ್ಚಿದ್ರ ಹೊಳೀ ಕಡಿತ ಹೋಗತೈತಿ” ಅಂದ. ಆಟ ಕಟ್ಟಿದವರು ದಡ್ಡರಲ್ಲ. ಎರಡು ಹಳ್ಳಿ ನೋಡಿ ಹೊಳೆಯ ಆಳ ತಿಳಿದದ್ದನ್ನು ಒಂದು ನಿಯಮವಾಗಿ ಅಡಕ ಮಾಡಿಟ್ಟಿದ್ದಾರೆ. ಆದರೆ ನೋಡುವ ಕೆಲಸವನ್ನು ಆಡುವವನಿಗೆ ಬಿಟ್ಟಿಲ್ಲ. ಅವನ ಇನ್ನೊಂದು ಆಟದಲ್ಲಿ ಹೊಳೆ ದಾಟುವ ಜಾಗ ನಕಾಶೆಯ ಮೇಲೆ ಮೊದಲೇ ಕಾಣುವಂತೆ ಇಟ್ಟಿರುತ್ತಾರೆ. ಮೊದಲನೆಯ ಆಟ ಉತ್ತರವನ್ನು ಅಂಕದೊಳಗೆ ಬಚ್ಚಿಟ್ಟಿತು, ಎರಡನೆಯದು ಬಯಲಲ್ಲಿ ಬರೆದಿಟ್ಟಿತು. ಕೇಳುವ ಪ್ರಸಂಗ ಎರಡರಲ್ಲೂ ಬರುವುದಿಲ್ಲ.

ಅಸ್ಸಾಯಿಯಲ್ಲಿ ಇನ್ನೊಂದು ನಡೆಯಿತು. ಬಲಗಡೆಯ ಮುಂಗಾವಲಿನ ಪಡೆಯನ್ನು ನಡೆಸುತ್ತಿದ್ದ ಆರಕ್ ಎಂಬ ಅಧಿಕಾರಿ ಅಪ್ಪಣೆಯನ್ನು ಸರಿಯಾಗಿ ತಿಳಿಯದೆ ಅಸ್ಸಾಯಿ ಊರಿನ ತೋಪುಗಳ ಬಾಯಿಗೇ ತನ್ನವರನ್ನು ಒಯ್ದ. ಹಿಂದಿದ್ದ 74ನೆಯ ರೆಜಿಮೆಂಟು ಅವನನ್ನೇ ನಂಬಿ ಬೆನ್ನು ಹತ್ತಿ ಹೋಗಿ ಬಹುಪಾಲು ಅಳಿಸಿಹೋಯಿತು. ಸೇನಾಪತಿ ಅದೇ ಬಯಲಲ್ಲಿ ಕುದುರೆಯ ಮೇಲಿದ್ದ. ಕಣ್ಣೆದುರಿನ ಪಡೆಗೇ ಮಾತು ಮುಟ್ಟಲಿಲ್ಲ. ಅಳಿಯನಿಗೆ ಬೇಕಾದ ಡೆಪ್ತ್‌ನಲ್ಲಿ ಆರಕ್ ಇರುವುದಿಲ್ಲ. ಇದ್ದರೆ ಆಟದಲ್ಲಿ ದೋಷವಿದೆಯೆಂದು ಕಂಪನಿಗೆ ದೂರು ಹೋಗುತ್ತದೆ.

ಅಥಣಿಯ ಮಾತು ಬಂದಾಗ ನಗು ನಿಲ್ಲುತ್ತದೆ. 1679ರಲ್ಲಿ ಮೊಗಲ್ ಸೇನಾಪತಿ ದಿಲೇರ್ ಖಾನ್ ಬಿಜಾಪುರದ ಮೇಲೆ ಹೋಗಿ, ಅದು ಬಗ್ಗದಿದ್ದಾಗ ಸುತ್ತಲಿನ ಸೀಮೆಯ ಮೇಲೆ ಸಿಟ್ಟು ತೀರಿಸಿಕೊಂಡ. ಅಥಣಿ ಆಗ ಹಣ ಓಡಾಡುವ ಪೇಟೆ. ಅದನ್ನು ಸುಲಿದು, ಊರ ಜನರನ್ನು ಗುಲಾಮರಾಗಿ ಮಾರಲು ಹೊರಟ. ಅವನ ಪಾಳೆಯದಲ್ಲಿ ತಂದೆ ಶಿವಾಜಿಯ ಮೇಲೆ ಮುನಿಸಿಕೊಂಡು ಬಂದು ಸೇರಿದ್ದ ಸಂಭಾಜಿಯಿದ್ದ. ಸಂಭಾಜಿ ಇದಕ್ಕೆ ಅಡ್ಡ ಬಂದ, ಮಾತು ನಡೆಯಲಿಲ್ಲ. ಆ ನವೆಂಬರಿನಲ್ಲಿ ಅವನು ದಿಲೇರ್ ಖಾನನ ಪಾಳೆಯದಿಂದ ತಪ್ಪಿಸಿಕೊಂಡು ಬಿಜಾಪುರದ ದಾರಿ ಹಿಡಿದ. ಅಲ್ಲಿಂದ ತಿರುಗಿ ತಂದೆಯ ಕಡೆಗೆ. ದಖ್ಖನಿನ ರಾಜಕಾರಣವೇ ಹೊರಳಬಹುದಾಗಿದ್ದ ಒಂದು ಗಂಟು ನಮ್ಮ ಅಥಣಿಯಲ್ಲಿ ಬಿಚ್ಚಿತು. ಅಳಿಯನ ಆಟದಲ್ಲಿ ಸುಲಿಗೆಯಾದ ಊರಿಗೆ ಶೇಕಡಾ ಲೆಕ್ಕದಲ್ಲಿ ‘ಹಾಳು’ ಏರುತ್ತದೆ, ತಿಂಗಳು ತಿಂಗಳು ತಾನಾಗಿ ಇಳಿಯುತ್ತದೆ. ಪಟ್ಟಿ ಸೊನ್ನೆಗೆ ಬಂದರೆ ಊರು ಮೊದಲಿನಂತಾಯಿತೆಂದು ಅರ್ಥ. ಅಥಣಿ ಮತ್ತೆ ಎದ್ದದ್ದು ನಿಜ. ಇವತ್ತು ಅಲ್ಲಿಯ ಕುಶಲಿಗರು ಹೊಲಿಯುವ ಚಪ್ಪಲಿಗಳನ್ನು ಜಗತ್ತು ಕೊಲ್ಹಾಪುರಿ ಅಂತ ಕೊಳ್ಳುತ್ತದೆ. ಆದರೆ ತಾನಾಗಿ ಏನೂ ಏಳಲಿಲ್ಲ; ಎಬ್ಬಿಸಿದವರಿದ್ದರು.

ಹೀಗೆ ನೋಡುತ್ತ ಹೋದರೆ ಎರಡು ಪಂಗಡದವರ ಜಗಳ ನನಗೆ ಪೊಳ್ಳಾಗಿ ಕಾಣುತ್ತದೆ. ದಾಳ ಸಾಕೋ, ಬಯಲು ಬೇಕೋ ಎಂಬುದಲ್ಲ ಪ್ರಶ್ನೆ. ದಾಳವೂ ಒಂದು ರೀತಿಯಲ್ಲಿ ಪ್ರಾಮಾಣಿಕವೇ: ‘ರಾಜನೇ, ನೀನು ದೂರದಲ್ಲಿದ್ದಿ, ಅಲ್ಲಿ ಏನಾಯಿತೋ ನಿನಗೆ ತಿಳಿಯದು’ ಅನ್ನುತ್ತದೆ. ಬಯಲ ಆಟ ಕಣ್ಣಿಗೆ ಹಬ್ಬ, ಆದರೆ ಗರುಡನ ಕಣ್ಣು, ನಿಲ್ಲಿಸಬಹುದಾದ ಕಾಲ, ತಪ್ಪದೆ ಮುಟ್ಟುವ ಅಪ್ಪಣೆ ಎಲ್ಲವನ್ನೂ ಒಬ್ಬನಿಗೇ ಕೊಟ್ಟು ಅದನ್ನು ಯುದ್ಧ ಅನ್ನುತ್ತದೆ. ಗುಂಡಿಗಳು ಹೆಚ್ಚಾದಷ್ಟೂ ಆಳ ಹೆಚ್ಚಾಯಿತೆಂದು ನಂಬಿಸುತ್ತದೆ. ನನ್ನ ಪಾಲಿಗೆ ಕಾಳಗದ ಆಳವೆಂದರೆ ಒಂದೇ: ನನಗೆ ಗೊತ್ತಿಲ್ಲದ್ದು ಗೊತ್ತಿರುವ ಇನ್ನೊಬ್ಬ ಮನುಷ್ಯ ಆ ಬಯಲಲ್ಲಿರಬೇಕು, ಅವನ ಮಾತನ್ನು ನಾನು ಕೇಳಬೇಕಾಗಿ ಬರಬೇಕು. ಅವನು ಮುಕಾದಮನಿರಬಹುದು, ಅಂಬಿಗನಿರಬಹುದು, ತಂಬಾಕು ತಿಕ್ಕುವ ಅಜ್ಜನಿರಬಹುದು, ಅಪ್ಪಣೆ ತಪ್ಪು ತಿಳಿದ ಆರಕ್ಕನೂ ಇರಬಹುದು. ರಾಜ್ಯ ಎಷ್ಟು ದೊಡ್ಡದಾದರೂ ಹೊಳೆಯ ದಂಡೆಗೆ ಬಂದಾಗ ರಾಜ ಸಣ್ಣವನಾಗಬೇಕು.

ಈ ಸಿದ್ಧಾಂತದ ಮೇಲೆ ನಾನು ಅಳಿಯನಿಗೆ ಒಂದು ಹೊಸ ಆಟದ ನಕ್ಷೆಯನ್ನೇ ಹಾಕಿಕೊಟ್ಟೆ. ನಕಾಶೆ ನಮ್ಮ ಐದು ತಾಲೂಕಿನದು, ಒಂದೊಂದು ಹಳ್ಳಿಗೂ ಹೆಸರು. ಕೃಷ್ಣೆಯ ನೀರು ಕೊಯ್ನಾದ ಮಳೆಗೆ ತಕ್ಕಂತೆ ಏರಬೇಕು, ಇಳಿಯಬೇಕು. ಪ್ರತಿ ದಂಡೆಗೂ ಒಬ್ಬ ಅಜ್ಜ. ಹೊಳೆ ದಾಟುವ ಮೊದಲು ಸೇನಾಪತಿ ಕುದುರೆಯಿಳಿದು ಹೋಗಿ ಅಜ್ಜನನ್ನು ಮಾತಾಡಿಸಬೇಕು. ‘ಏ ಮುದುಕಾ’ ಅಂದರೆ ಅಜ್ಜ ಮಡುವಿನ ದಾರಿ ತೋರಿಸುತ್ತಾನೆ. ‘ಅಜ್ಜಾ, ಆರಾಮಿದ್ದೀರೇನ್ರಿ’ ಅಂತ ಶುರು ಮಾಡಿ, ಬೆಳೆ, ಮಳೆ, ಮೊಮ್ಮಕ್ಕಳ ಮದುವೆ ಎಲ್ಲ ಕೇಳಿದ ಮೇಲೆ ಹೊಳೆಯ ಮಾತು ತೆಗೆದರೆ ಸರಿಯಾದ ಜಾಗ. ಮಧ್ಯಾಹ್ನ ಎರಡು ತಾಸು ಎರಡೂ ಕಡೆ ಊಟ. ಆಗ ಯಾವ ಗುಂಡಿ ಒತ್ತಿದರೂ ಏನೂ ಆಗಬಾರದು.

ಅಳಿಯ ಗಂಭೀರವಾಗಿ ಕೇಳಿಸಿಕೊಂಡ. ಇಂಜಿನಿಯರನಲ್ಲವೇ, ಅಡಚಣೆಗಳನ್ನು ಬೆರಳು ಮಡಚಿ ಎಣಿಸಿದ. ಅಜ್ಜನ ಮಾತು ಬಹಳ ಹೊತ್ತು ನಡೆಯುತ್ತದೆ, ಆಡುವವರಿಗೆ ಅಷ್ಟು ತಾಳ್ಮೆಯಿಲ್ಲ. ಊಟದ ಬಿಡುವಿನಲ್ಲಿ ಎಲ್ಲರೂ ಆಟ ಮುಚ್ಚಿ ಹೋಗಿಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ನಮ್ಮ ಸೀಮೆಯ ಅಜ್ಜಂದಿರು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. “ಕಲ್ಲೋಳದಜ್ಜ ಏರತೈತಿ ಅಂದ್ರ ಯಡೂರಜ್ಜ ಇಳೀತೈತಿ ಅಂತಾನ. ಆಗ ಸೇನಾಪತಿ ಏನ್ ಮಾಡಬೇಕ್ರಿ ಮಾಮಾ?”

ನಾನು ಬಾಯಿ ತೆಗೆಯುವುದರೊಳಗೆ ಅಡಿಗೆಮನೆಯಿಂದ ಅಕ್ಕ ತೀರ್ಪು ಕೊಟ್ಟಳು: “ಇಬ್ರನ್ನೂ ಕರದು ಊಟಕ್ಕ ಕುಂದ್ರಸ್ರಿ. ಯಾರ ಮನೀಗೆ ತಿರುಗಿ ಹೋಗಾಕ ಗಡಿಬಿಡಿ ಮಾಡ್ತಾರು ನೋಡ್ರಿ, ಆ ಕಡೆ ದಂಡ್ಯಾಗ ನೀರ ಏರಾಕತ್ತೈತಿ ಅಂತ ತಿಳೀರಿ.”

ಅಳಿಯ ಅದನ್ನು ಆಗಲೇ ಫೋನಿನಲ್ಲಿ ಬರೆದುಕೊಂಡ. ಈ ಒಂದು ನಿಯಮವನ್ನು ಮಾತ್ರ ಯಂತ್ರಕ್ಕೆ ಕಲಿಸಬಹುದಂತೆ.